ಆ ಗಂಡಸು ಎಲ್ಲಿದ್ದ?

ಯೋಹಾನನ ಸುವಾರ್ತೆ 8ನೇ ಅಧ್ಯಾಯ ತೆಗೀರಿ. ಸಿಕ್ಕವರು ಆಮೆನ್ ಅನ್ರಿ.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕರೆತಂದು ಯೇಸುವಿನ ಮುಂದೆ ನಿಲ್ಲಿಸುತ್ತಾರೆ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ. ಆದರೆ ಆ ಗಂಡಸು ಎಲ್ಲಿದ್ದ? ಯಾಜಕಕಾಂಡ 20:10 ನೋಡ್ರಿ, ಶಿಕ್ಷೆ ಇಬ್ಬರಿಗೂ ಇತ್ತು. ಅವಳೊಬ್ಬಳೇ ಹೆಂಗ ಸಿಕ್ಕಿಬಿದ್ದಳು? ಅವನನ್ನು ಬಿಟ್ಟರು, ಇವಳನ್ನು ತಂದರು.

ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರಿ ಪ್ರಾರ್ಥನೆಗೆ ಬಂದಿದ್ದರು. ಚೊಚ್ಚಲ ಬಸುರಿ. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್. ಅತ್ತೆ, "ನನ್ನ ಮಗ ಚಲೋ ಅದಾನ, ಇದು ನೀನ ತಂದದ್ದು" ಅಂದಿದ್ದರು. ಗಂಡ ಹೊರಗ ಬೈಕ್ ಮೇಲೆ ಕೂತಿದ್ದ. ನಾನು ಆಕೆಗಾಗಿ ಪ್ರಾರ್ಥಿಸಿ, "ತಾಳ್ಮೆಯಿಂದ ಇರವ್ವಾ" ಅಂದು ಕಳಿಸಿದೆ. ಹೊರಗೆ ಹೋಗಿ, "ತಮ್ಮಾ, ನೀ ಟೆಸ್ಟ್ ಮಾಡಿಸಿಯೇನು?" ಅಂತ ಕೇಳಲಿಲ್ಲ. ಮುಂದಿನ ಭಾನುವಾರ ಆಕೆ ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನೂ ಆ ಗಂಡಸನ್ನು ಬಿಟ್ಟುಬಿಟ್ಟೆ, ಪ್ರಿಯರೇ. ಕರ್ತನ ಮುಂದೆ ಇದನ್ನು ಅರಿಕೆ ಮಾಡಿದ್ದೇನೆ. ಇವತ್ತು ನಿಮ್ಮ ಮುಂದೆಯೂ ಮಾಡುತ್ತೇನೆ.

ಬಸುರಾದಾಗ ಹೆಣ್ಣುಮಕ್ಕಳಿಗೆ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗೋದು ಆಕೆಗೆ. ಮೊದಲು ಗೊತ್ತಾಯ್ತು ಅಂದರೆ ಮೊದಲು ಬಂತು ಅಂತ ಅಲ್ಲ!

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ತಾಲೂಕುಗಳ 47 ಹಳ್ಳಿಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನವರು 'ಸಂವೇದನಾ ಪ್ಲಸ್' ಎಂಬ ಕಾರ್ಯಕ್ರಮ ನಡೆಸಿದರು. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳ ಜೊತೆಗೆ ಅವರ ಸಂಗಾತಿ ಗಂಡಸರನ್ನೂ ಕೂರಿಸಿ ಮಾತಾಡಿದರು. ಯಾಕೆ? ಕಾಂಡೋಮ್ ಬಳಸು ಅಂತ ಆಕೆಗೆ ನೂರು ಸಲ ಹೇಳಬಹುದು. ಬಾಯಿ ತೆಗೆದರೆ ಕಪಾಳಕ್ಕೆ ಬೀಳುವ ಮನೆಯಲ್ಲಿ ಆಕೆ ಹೆಂಗ ಕೇಳ್ತಾಳ್ರೀ? ಹೊಡೆಯೋದು ಸರಿಯಲ್ಲ ಎಂಬ ತಿಳಿವಳಿಕೆ ಅಲ್ಲಿ ಹೆಚ್ಚಿತು. ಹೊಡೆತ ಮಾತ್ರ ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ. ತಿಳಿದದ್ದು ಕೈಗೆ ಇಳಿಯೋದಕ್ಕೆ ಹೃದಯ ಬದಲಾಗಬೇಕು.

ಎಫೆಸ 5:25ರಲ್ಲಿ ಪೌಲನು ಗಂಡಂದಿರಿಗೆ ಏನು ಹೇಳುತ್ತಾನೆ? ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟಂತೆ ಹೆಂಡತಿಯನ್ನು ಪ್ರೀತಿಸಬೇಕಂತೆ. ತಲೆ ಅಂದರೆ ದರ್ಬಾರು ಅಲ್ಲ, ಮೊದಲು ತನ್ನನ್ನು ಕೊಡುವವನು. ಪ್ರಾಣ ಕೊಡೋದು ಇರಲಿ ಬ್ರದರ್, ಮೊದಲು ಒಂದು ಹನಿ ರಕ್ತ ಪರೀಕ್ಷೆಗೆ ಕೊಡ್ರಿ!

ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಟೆಸ್ಟ್ ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು. ಕೇಳೋಕೆ ಸಂಕೋಚವಾದರೆ 1097ಕ್ಕೆ ಕರೆ ಮಾಡ್ರಿ. ಪಾಸಿಟಿವ್ ಬಂದರೆ ಜೀವನ ಮುಗೀಲಿಲ್ಲ. ಹಿಂದೆ ಕಿಮ್ಸ್ ಎನ್ನುತ್ತಿದ್ದ ನಮ್ಮ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೇ ಎಆರ್‌ಟಿ ಕೇಂದ್ರ ಇದೆ, ಮಾತ್ರೆ ಉಚಿತ. ದಿನಾ ತಪ್ಪದೆ ತೊಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದಿಲ್ಲ. ಬಸುರಿಯಲ್ಲಿ ಬೇಗ ಚಿಕಿತ್ಸೆ ಶುರುಮಾಡಿದರೆ ಕೂಸನ್ನೂ ಕಾಪಾಡಬಹುದು. ನನ್ನ ದೇವರು ಸ್ವಸ್ಥಪಡಿಸುವ ದೇವರು, ಹಲ್ಲೆಲೂಯಾ! ಆದರೆ "ಪ್ರಾರ್ಥನೆ ಆಯ್ತು, ಮಾತ್ರೆ ಬಿಡ್ರಿ" ಅಂತ ಈ ವೇದಿಕೆಯಿಂದ ಯಾರೂ ಹೇಳುವುದಿಲ್ಲ.

ಇನ್ನು ಮೇಲೆ ಮದುವೆ ಕೌನ್ಸೆಲಿಂಗ್‌ಗೆ ಬಂದವರಲ್ಲಿ ಟೆಸ್ಟಿನ ಮಾತನ್ನು ನಾನು ಮೊದಲು ಹುಡುಗನ ಹತ್ತಿರ ಎತ್ತುತ್ತೇನೆ. ಒತ್ತಾಯ ಇಲ್ಲ. ರಿಪೋರ್ಟ್ ನನಗೆ ತೋರಿಸೋದು ಬೇಡ, ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ನಾನೂ ನನ್ನ ಹೆಂಡತಿಯೂ ಹೋಗಿ ಬಂದೆವು. ಸಾಲಿನಲ್ಲಿ ನಾನು ಮುಂದೆ ನಿಂತೆ.

ಆ ದಿನ ಕರ್ತನು ಆಕೆಗೆ ಶಿಕ್ಷೆ ವಿಧಿಸಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಹೊರಟುಹೋದರು. ಇವತ್ತು ನಾವು ಹೋಗೋದು ಬೇಡ. ಪ್ರಾರ್ಥನೆಗೆ ಎದ್ದು ನಿಲ್ಲೋಣ. ಸಹೋದರರು ಮೊದಲು.