ಅಂಬುಧಿಯೂ ಟಿಟ್ಟಿಭವೂ

ಹನುಮಂತನಗರದವರಿಗೆ ಕಡಲು ದೂರವಾದರೂ ಅಂಬುಧಿಯು ದೂರವಲ್ಲ. ರಾಮಾಂಜನೇಯ ಗುಡ್ಡದ ತಪ್ಪಲಿನಿಂದ ಗವೀಪುರದ ಕಡೆಗೆ ಸ್ವಲ್ಪ ಹೊತ್ತು ನಡೆದರೆ ಕೆಂಪಾಂಬುಧಿಯ ಏರಿಯು ಸಿಕ್ಕುತ್ತದೆ. 16ನೆಯ ಶತಮಾನದಲ್ಲಿ ಕೆಂಪೇಗೌಡನು ಕಟ್ಟಿಸಿದ ಈ ಕೆರೆಗೆ ಸಮುದ್ರವೆಂಬ ಅರ್ಥದ ಹೆಸರು ಬಂದುದು ಬರಿಯ ಅತಿಶಯೋಕ್ತಿಯೆನ್ನಲಾಗದು. ಮಳೆಯನ್ನೇ ನೆಚ್ಚಿದ ಬಯಲುಸೀಮೆಯ ಜನಕ್ಕೆ ತುಂಬಿದ ಕೆರೆಗಿಂತ ಬೇರೆ ಸಮುದ್ರವೆಲ್ಲಿ?

ಹೊತ್ತು ಇಳಿಯುವಾಗ ಇಂತಹ ಕೆರೆಯಂಚಿನಲ್ಲಿ ತಿರುಗಾಡುವವನಿಗೆ ಎರಡು ಬಗೆಯ ಬಳಗಗಳು ಕಾಣುತ್ತವೆ. ಒಂದು ಹಕ್ಕಿಗಳದು: ಕೆಸರಿನಲ್ಲಿ ನಿಂತ ಬೆಳ್ಳಕ್ಕಿ, ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ, ಚಳಿಗಾಲದಲ್ಲಿ ಉತ್ತರದಿಂದ ಬಂದು ಬಾಲವನ್ನು ಕುಣಿಸುತ್ತ ಓಡಾಡುವ ಗದ್ದೆಗೊರವ, ಕಾಲಸಪ್ಪಳಕ್ಕೇ ಕೂಗಿ ಹಾರುವ ಟಿಟ್ಟಿಭ. ಇನ್ನೊಂದು ಮನುಷ್ಯರದು: ಮನೆಯ ನಿರ್ಮಾಲ್ಯವನ್ನು ತಂದು ನೀರಿಗೆ ಬಿಟ್ಟು ಕೈಮುಗಿಯುವವರು, ಭಾದ್ರಪದ ಬಂದಿತೆಂದರೆ ಗಣಪತಿಯನ್ನು ಹೊತ್ತು ತರುವವರು.

ಕೈಮುಗಿದವನ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ರಾಶಿರಾಶಿಯಾಗಿ ಬಿದ್ದ ಹೂವು ಕೊಳೆತಾಗ ನೀರಿನ ಪ್ರಾಣವಾಯು ಕುಂದುತ್ತದೆ, ಮೀನು ಸಾಯುತ್ತದೆ, ಮೀನನ್ನು ನಂಬಿದ ಹಕ್ಕಿಯು ಉಪವಾಸವಿರುತ್ತದೆ. ಭಾವವು ಶುದ್ಧವಾಗಿದ್ದ ಮಾತ್ರಕ್ಕೆ ಕರ್ಮವೂ ಶುದ್ಧವಾಗುವುದೇ ಎಂಬುದು ಇಲ್ಲಿಯ ಪ್ರಶ್ನೆ. “ನನ್ನದು ಒಂದೇ ಹಾರ, ಅದರಿಂದೇನು?” ಎಂದು ಭಕ್ತನು ಕೇಳಬಹುದು. ಊರೆಲ್ಲವೂ ಇದನ್ನೇ ಕೇಳುವುದರಿಂದ ಆ ಉತ್ತರವು ನಿಲ್ಲಲಾರದು. ಹಾಗೆಂದು ಆಚಾರವನ್ನೇ ಮೌಢ್ಯವೆಂದು ಜರೆಯುವುದೂ ನ್ಯಾಯವಲ್ಲ. ಕೆರೆಯ ಜೇಡಿಯಿಂದ ಮೂರ್ತಿಯನ್ನು ಮಾಡಿ, ಪೂಜಿಸಿ, ಆ ಮಣ್ಣನ್ನು ಕೆರೆಗೇ ಒಪ್ಪಿಸುವುದು ಹಿರಿಯರ ರೂಢಿ. ಪಡೆದುದನ್ನು ಪಡೆದಲ್ಲಿಗೇ ಹಿಂದಿರುಗಿಸಬೇಕೆಂಬ ಋಣಭಾವ ಅದರಲ್ಲಿದೆ. ಬಣ್ಣ ಬಳಿದ, ಕರಗದ ಪ್ಲಾಸ್ಟರಿನ ಮೂರ್ತಿಯು ಕೆರೆಯಿಂದ ಬಂದುದಲ್ಲ, ಆದುದರಿಂದ ಕೆರೆಗೆ ಸಲ್ಲತಕ್ಕುದೂ ಅಲ್ಲ. ಅದನ್ನು ತಡೆಯುವ ಅಳತೆಗೋಲು ಆಚಾರದ ಒಳಗೇ ಇದೆ.

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಗಳ ಕಥೆಯುಂಟು. ದಡದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರವು ಗರ್ವದಿಂದ ಸೆಳೆದುಕೊಂಡಿತು. ಹಕ್ಕಿಗಳ ಮೊರೆಯು ಗರುಡನಿಗೆ ಮುಟ್ಟಿತು, ಗರುಡನಿಂದ ವಿಷ್ಣುವಿಗೆ ಮುಟ್ಟಿತು. ಸಮುದ್ರವು ಅಂಜಿ ಮೊಟ್ಟೆಗಳನ್ನು ಹಿಂದಕ್ಕೆ ಕೊಟ್ಟಿತು. ಟಿಟ್ಟಿಭವು ಇಂದಿಗೂ ಗೂಡು ಕಟ್ಟದೆ ಬಯಲ ನೆಲದಲ್ಲಿ, ಕಲ್ಲುಗಳ ನಡುವೆ ಕಲ್ಲಿನಂತೆ ತೋರುವ ಮೊಟ್ಟೆಗಳನ್ನಿಡುತ್ತದೆ. ಆದರೆ ಈಗ ಅವನ್ನು ನುಂಗುವುದು ಅಂಬುಧಿಯಲ್ಲ. ದಡವನ್ನು ಒತ್ತರಿಸುತ್ತ ಬರುವ ನಗರ. ಬೆಂಗಳೂರಿನ ಇನ್ನೊಂದು ಅಂಬುಧಿಯಾದ ಧರ್ಮಾಂಬುಧಿಯು ಬತ್ತಿಹೋಗಿ, ಅದರ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಹೆಸರಿನಲ್ಲಿ ಧರ್ಮವಿದ್ದರೂ ಅದು ಕೆರೆಯನ್ನು ಕಾಯಲಿಲ್ಲ.

ಹೀಗೆ ಕಥೆಯಲ್ಲಿ ಸಮುದ್ರಕ್ಕಿದ್ದ ಬಲವೂ ಗರ್ವವೂ ಮನುಷ್ಯನಿಗೆ ಬಂದಿವೆ. ಮೊರೆಯನ್ನು ಕೇಳಬೇಕಾದ ಗರುಡನ ಸ್ಥಾನವೂ ಅವನದೇ, ಏಕೆಂದರೆ ಕೇಳಬಲ್ಲವರು ಬೇರೆ ಯಾರೂ ಇಲ್ಲ. ಏರಿಯ ಮೇಲೆ ಹೂವಿನ ಬುಟ್ಟಿ ಹಿಡಿದು ನಿಂತವನು, ಅದನ್ನು ನೀರಿಗೆ ಸುರಿಯದೆ ಮನೆಗೆ ಒಯ್ದು ತುಳಸಿಯ ಬುಡಕ್ಕೆ ಗೊಬ್ಬರ ಮಾಡಿದರೆ ಅವನ ಪೂಜೆಗೆ ಕುಂದಿಲ್ಲ. ಆ ಸಂಜೆ ಟಿಟ್ಟಿಭದ ಮೊರೆಯನ್ನು ಒಬ್ಬನಾದರೂ ಕೇಳಿದಂತಾಯಿತು.