ಎಣಿಕೆಯೂ ಋಣವೂ

ಕಾಡನ್ನು ಎಣಿಸುವುದರಲ್ಲಿ ಧರ್ಮಾಧರ್ಮದ ಪ್ರಶ್ನೆಯೆಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಹತ್ತು ಮರಗಳನ್ನು ಹತ್ತೆಂದು ಬರೆದರೆ ಸತ್ಯ, ಒಂಬತ್ತೆಂದು ಬರೆದರೆ ಅಸತ್ಯ, ಇಷ್ಟೇ ಅಲ್ಲವೆ? ಆದರೆ ಬರೆದುದೆಲ್ಲವೂ ನಿಜವಾಗಿದ್ದರೂ, ಬರೆಯದೆ ಬಿಟ್ಟುದರಿಂದ ಅನ್ಯಾಯವಾಗುವುದುಂಟು.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಸಿಹಿನೀರಿನ ಕೆಸರುತಗ್ಗುಗಳಿವೆ. ಆ ಸೀಮೆಯ ಜನರು ಅವನ್ನು ರಾಮಪತ್ರೆ ಜಡ್ಡಿಯೆನ್ನುವರು. ಜಾಯಿಕಾಯಿಯ ಕುಲದ ಮರಗಳು ಅಲ್ಲಿ ನೆಲೆಸಿವೆ. ಕೆಸರಿನೊಳಗೆ ಗಾಳಿಯು ದುರ್ಲಭವಾದುದರಿಂದ ಕೆಲವು ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲಕ್ಕೆದ್ದು ಉಸಿರಾಡುವುವು. ಕೆಲವು ಮರಗಳು ಕಾಂಡದಿಂದಲೇ ಊರುಗೋಲಿನಂತಹ ಬೇರುಗಳನ್ನು ಇಳಿಬಿಟ್ಟು ನಿಲ್ಲುವುವು. ಕಾಡುಗೇರಿನ ಬಳಗಕ್ಕೆ ಸೇರಿದ ಒಂದು ಅಪೂರ್ವ ಮರಕ್ಕೆ 2000ದಲ್ಲಿ ಶಾಸ್ತ್ರಜ್ಞರು ಈ ಕಾನಿನ ಹೆಸರನ್ನೇ ಇಟ್ಟರು. 2011ರಲ್ಲಿ ಅಘನಾಶಿನಿಯ ಕಾಡು ಸಿಂಗಳೀಕಗಳ ಸಂರಕ್ಷಣೆಗೆ ಮೀಸಲಾಯಿತು. ಎಣಿಸಿದವರಿಲ್ಲದಿದ್ದರೆ ಇದಾಗುತ್ತಿರಲಿಲ್ಲ. ಆದುದರಿಂದ ಎಣಿಕೆಯನ್ನು ನಾನು ಹಳಿಯಲಾರೆ.

ಆದರೆ ಇನ್ನೊಂದು ಎಣಿಕೆಯನ್ನು ನೋಡಿರಿ. 1801ರಲ್ಲಿ ಕಂಪನಿಯ ಅಪ್ಪಣೆಯಂತೆ ಕೆನರಾ ಸೀಮೆಯನ್ನು ಸಂಚರಿಸಿದ ಬುಕಾನನ್ನನು, ಕಾಡು ಗ್ರಾಮದೇವತೆಯ ಸೊತ್ತು, ಅಪ್ಪಣೆಯಿಲ್ಲದೆ ಮರ ಕಡಿಯಲಾಗದು ಎಂಬ ಕಟ್ಟಳೆಯನ್ನು ಕೇಳಿ ಬರೆದುಕೊಂಡನು. ಬರೆದು, ಇದು ಸರಕಾರದ ಹಕ್ಕನ್ನು ತಪ್ಪಿಸುವ ಉಪಾಯವೆಂದು ತಳ್ಳಿಹಾಕಿದನು. ಕಿವಿ ಕೇಳಿತು, ಲೇಖನಿ ಬರೆಯಿತು. ಮನಸ್ಸು ಮಾತ್ರ ಒಪ್ಪಲಿಲ್ಲ. ಮರಗಳು ಲೆಕ್ಕಕ್ಕೆ ಬಂದವು. ಅವುಗಳನ್ನು ಕಾಯ್ದ ಭಯಭಕ್ತಿಗಳು ಲೆಕ್ಕದಿಂದ ಹೊರಬಿದ್ದವು.

ಹಾಗೆಂದು ಊರವರೆಲ್ಲರೂ ನಿರ್ದೋಷಿಗಳೆನ್ನಲಾದೀತೆ? ಎಷ್ಟೋ ಜಡ್ಡಿಗಳು ಗದ್ದೆಯಾಗಿ, ಅಡಿಕೆತೋಟವಾಗಿ ಅಳಿದುವು. ನಾಳೆ ಮತ್ತೊಬ್ಬನು ಕೊಯ್ದಾನೆಂಬ ಭಯದಿಂದ ಬಲಿಯದ ಕಾಯನ್ನೇ ಕಿತ್ತವರಿಲ್ಲವೆ? ಆದರೆ ಆ ಭಯ ಹುಟ್ಟಿದುದೇಕೆ? ಕಾಡು ನಮ್ಮದೆಂಬ ಭರವಸೆ ತಪ್ಪಿದಲ್ಲಿ ಕಾಯುವ ಬುದ್ಧಿಯೂ ತಪ್ಪುವುದು. ಮರವನ್ನು ಒಂದು ಪುಸ್ತಕದಲ್ಲಿಯೂ ಮನುಷ್ಯನನ್ನು ಇನ್ನೊಂದರಲ್ಲಿಯೂ ಬರೆಯುವವನಿಗೆ ಈ ಸಂಬಂಧವು ಎಂದಿಗೂ ಕಾಣದು.

2002ರ ಜೀವವೈವಿಧ್ಯ ಕಾಯಿದೆಯೂ 2004ರ ಅದರ ನಿಯಮಗಳೂ, ಸ್ಥಳೀಯ ಸಮಿತಿಯು ಊರವರೊಡನೆ ಸಮಾಲೋಚಿಸಿ ಜನತೆಯ ದಾಖಲೆಪುಸ್ತಕವನ್ನು ಸಿದ್ಧಪಡಿಸತಕ್ಕುದೆಂದು ವಿಧಿಸಿದುವು. ವಿಧಿ ಒಳ್ಳೆಯದೇ. ಆದರೆ ನಮೂನೆಯನ್ನು ತುಂಬಿದ ಮಾತ್ರಕ್ಕೆ ಧರ್ಮವು ನೆರವೇರಲಿಲ್ಲ. ಜಡ್ಡಿಯ ದಾರಿಯನ್ನು ತೋರಿಸಿದವನು, ಮರದ ಹೆಸರನ್ನು ಹೇಳಿದವಳು, ಇವರು ಎಣಿಸುವವನಿಗೆ ಸಾಲ ಕೊಟ್ಟವರು. ಬರೆದುದನ್ನು ಅವರ ಭಾಷೆಯಲ್ಲಿ ಅವರಿಗೆ ಓದಿ ಹೇಳುವುದು, ತಪ್ಪೆಂದರೆ ತಿದ್ದುವುದು, ಪ್ರಕಟಿಸಿದರೆ ಲೂಟಿಯಾಗಬಹುದಾದ ಠಾವನ್ನು ಗುಟ್ಟಾಗಿಡುವುದು: ಆ ಸಾಲದ ಮರುಪಾವತಿಯು ಇದೇ.

ಜಡ್ಡಿಯ ನೀರು ಬೇಸಗೆಯಲ್ಲಿ ಕೆಳಗಣ ತೋಟಕ್ಕೆ ಹರಿಯುವುದು. ಕೊಟ್ಟ ಲೆಕ್ಕವನ್ನು ಅದು ಇಡುವುದಿಲ್ಲ. ಪಡೆದ ಲೆಕ್ಕವನ್ನಾದರೂ ನಾವು ಇಡಬೇಡವೆ?