ಬಿಸಿಲಿನ ಭಾರವು ಯಾರ ಮೇಲೆ?

ಸೂರ್ಯನು ಬಡವ ಬಲ್ಲಿದರೆಂಬ ಭೇದವನ್ನು ಎಣಿಸದೆ ಎಲ್ಲರ ಮೇಲೂ ಒಂದೇ ಸಮನಾಗಿ ಕಾಯುತ್ತಾನೆಂಬದು ಲೋಕರೂಢಿಯ ಮಾತು. ಆದುದರಿಂದ ಬೇಸಿಗೆಯಲ್ಲಿ ಯಾರಾದರೂ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಬಿದ್ದರೆ, ಅದು ಅವರ ಹಣೆಬರಹವೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದನ್ನು ವಿಚಾರಿಸಿ ನೋಡುವದು ಯೋಗ್ಯವಾಗಿದೆ.

ನೇಸರಗಿಯ ಹೆಸರಿನಲ್ಲಿಯೇ ನೇಸರೆಂಬ ನುಡಿಯು ಕೇಳಿಬರುತ್ತದೆ. ಬೈಲಹೊಂಗಲ ಸೀಮೆಯ ಹೊಲಗಳಲ್ಲಿ ಎಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನವು ಎಂಥದೆಂದು ವಾಚಕರಿಗೆ ತಿಳಿಸಬೇಕಾದದ್ದಿಲ್ಲ. ಆದರೆ ಒಂದೇ ಓಣಿಯ ಎರಡು ಮನೆಗಳನ್ನು ಹೋಲಿಸಿ ನೋಡೋಣ. ಒಂದು ದಪ್ಪ ಗೋಡೆಯ ಮಣ್ಣಿನ ಮಾಳಿಗೆಯದು. ಮಣ್ಣು ನಿಧಾನವಾಗಿ ಕಾಯುವದರಿಂದ ನಡುಹಗಲಿನಲ್ಲಿಯೂ ಒಳಗೆ ತಂಪಿರುವದು. ಇನ್ನೊಂದು ತಗಡು ಹೊದಿಸಿದ್ದು. ಹೊತ್ತೇರುತ್ತಲೇ ಅದು ಕಾದು, ಕೆಳಗಿರುವವರು ಒಲೆಯ ಮುಂದೆ ಕೂತವರಂತಾಗುವರು. ಮಾಳಿಗೆಗೆ ತೊಲೆ ಜಂತಿಗಳು ಬೇಕು, ಕಾಲಕಾಲಕ್ಕೆ ಹೊಸ ಮಣ್ಣು ಬೇಕು. ಅದಕ್ಕೆ ಹಣವಿಲ್ಲದವನೇ ತಗಡನ್ನು ಹೊದಿಸುತ್ತಾನೆ. ಹಾಗೆಯೇ ಒಬ್ಬನಿಗೆ ಹೊತ್ತೇರಿದ ಮೇಲೆ ಮನೆಯಲ್ಲಿ ಕೂಡ್ರುವ ಅನುಕೂಲವುಂಟು. ಮತ್ತೊಬ್ಬನಿಗೆ ಕೂತ ದಿನ ಕೂಲಿಯಿಲ್ಲ. ಮರೆಯಾದ ಸ್ಥಳವಿಲ್ಲದ ಕಡೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬಾಯಾರಿದರೂ ಬೇಕೆಂದೇ ನೀರು ಕುಡಿಯದೆ ಇರುತ್ತಾರೆ. ನೇಸರು ಒಬ್ಬನೇ, ಆದರೆ ಸೂರು, ಕೂಲಿ, ನೀರು, ಮರೆ ಇವೆಲ್ಲ ಮನುಷ್ಯರ ಏರ್ಪಾಡುಗಳು.

“ದುಡಿಯುವವರಿಗೆ ಬಿಸಿಲು ರೂಢಿಯಾಗಿದೆ” ಎಂದು ಕೆಲವರು ಹೇಳುವರು. ಇದರಲ್ಲಿ ಸ್ವಲ್ಪ ಸತ್ಯವುಂಟು. ಒಂದೆರಡು ವಾರ ಬಿಸಿಲಿನಲ್ಲಿ ದುಡಿದ ಶರೀರವು ಬೇಗ ಬೆವರಲು ಕಲಿಯುವದು, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳಕೊಳ್ಳುವದು. ಆದರೆ ಬೆವರಿಗೆ ನೀರು ಬೇಕು. ಅದು ಆರಿದರೆ ಮಾತ್ರ ಮೈ ತಂಪಾಗುವದು. ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರತಕ್ಕ ಮೈಯ ಕಾವು 40 ಡಿಗ್ರಿಯನ್ನು ದಾಟಿ, ಮಾತು ತಡವರಿಸಿ, ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಆಗ ಅವನನ್ನು ನೆರಳಿಗೆ ತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರೂಢಿಗೆ ಒಂದು ಮೇರೆಯುಂಟು. ಆ ಮೇರೆಯನ್ನು ಮರೆತು ಮಾತಾಡುವವನು ಬಹುಮಟ್ಟಿಗೆ ನೆರಳಿನಲ್ಲಿ ಕೂತವನೇ ಆಗಿರುವನು.

ಬಡತನವೊಂದೇ ಇದಕ್ಕೆ ಕಾರಣವೆಂದೂ ತಿಳಿಯಬಾರದು. 1995ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ಬಿಸಿಲಿನ ಬೇಗೆಯಿಂದ 700ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹಳ ಮಂದಿ ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿದ್ದ ಮುದುಕರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞನು ಅಲ್ಲಿಯ ಒಂದಕ್ಕೊಂದು ಹತ್ತಿದ ಎರಡು ಬಡ ಕೇರಿಗಳನ್ನು ಪರೀಕ್ಷಿಸಿದನು. ಎರಡರಲ್ಲಿಯೂ ಒಂಟಿ ವೃದ್ಧರು ಬಹಳವಾಗಿದ್ದರು. ಆದಾಗ್ಯೂ ಒಂದರಲ್ಲಿ ಲಕ್ಷ ಜನಕ್ಕೆ 40ರಂತೆ ಸತ್ತರು. ಇನ್ನೊಂದರಲ್ಲಿ 4ಕ್ಕಿಂತಲೂ ಕಡಿಮೆ. ಮೊದಲನೆಯದರಲ್ಲಿ ಮನೆಗಳು ಹಾಳುಬಿದ್ದು ಬೀದಿಗಳು ಬರಿದಾಗಿದ್ದವು. ಎರಡನೆಯದರಲ್ಲಿ ಅಂಗಡಿಗಳೂ ಜನಸಂಚಾರವೂ ಇದ್ದು ಮುದುಕರು ಹೊರಬರುತ್ತಿದ್ದರು. ನೆರೆಹೊರೆಯು ಜೀವವನ್ನು ಉಳಿಸಿತು.

ನಮ್ಮ ಸರಕಾರವೂ ಒಂದು ಉಪಾಯವನ್ನು ಬಲ್ಲದು. 2025ರ ಎಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದಲ್ಲಿಯೂ, ವಿಜಯಪುರ ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಸರಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1-30ರ ವರೆಗೆ ನಡೆಯಬೇಕೆಂದು ಆಜ್ಞೆಯಾಯಿತು. ನೇಸರಗಿಯಿರುವ ಬೆಳಗಾವಿ ಜಿಲ್ಲೆಗೆ ಅದು ಅನ್ವಯಿಸಲಿಲ್ಲ. ಬಾಗಲಕೋಟೆ ಜಿಲ್ಲೆಗೆ ಹತ್ತಿಕೊಂಡಿರುವ ರಾಮದುರ್ಗ ತಾಲೂಕಿನ ಬಿಸಿಲು ಜಿಲ್ಲೆಯ ಗಡಿಯನ್ನು ಅರಿಯದು. ಸರಕಾರವು ಎಲ್ಲಿಯಾದರೂ ಗೆರೆಯೆಳೆಯಲೇಬೇಕಾದ್ದರಿಂದ ಇದನ್ನು ದೊಡ್ಡ ತಪ್ಪೆನ್ನಲಾರೆವು. ಆದರೆ ಆ ಆಜ್ಞೆಯು ಸೂರಿನ ಕೆಳಗೆ ಕೂತು ಬರೆಯುವವರಿಗೆ ಸಂಬಂಧಪಟ್ಟದ್ದು. ಬಯಲಿನಲ್ಲಿ ಕಳೆ ಕೀಳುವವಳ, ಇಟ್ಟಿಗೆ ಹೊರುವವನ ವೇಳೆಯನ್ನು ಯಾರು ಬದಲಿಸಬೇಕು?

ಕೂಲಿಗೆ ಕರೆಯುವ ನಾವೇ ಬದಲಿಸಬೇಕು. ಒಡೆಯನೂ ಎರಡು ಮೂರು ಎಕರೆಯ ಬಡ ಒಕ್ಕಲಿಗನಾಗಿರಬಹುದು. ಅವನ ಕಷ್ಟವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ನಸುಕಿನಲ್ಲಿ ಆರಂಭಿಸಿ ಹನ್ನೊಂದು ಗಂಟೆಗೆ ಬಿಟ್ಟು, ಬೇಕಾದರೆ ಸಂಜೆ ಮತ್ತೆ ಹಿಡಿದ ಕೆಲಸವು ನಡುಹಗಲಿನ ಕೆಲಸಕ್ಕಿಂತ ಕಡಿಮೆಯಾಗಲಾರದು. ಆದುದರಿಂದ ಕೂಲಿಯನ್ನು ಕಡಿಯಲು ಕಾರಣವೂ ಇಲ್ಲ. ನಮಗೆ ಖರ್ಚಾಗುವದು ಬೆಳಗಿನ ನಿದ್ದೆ ಮಾತ್ರ. ತಗಡಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಒಂದು ಪಾಲು ಹಿಂದಿರುಗಿ ಹೋಗುವದು. ಅರವಟ್ಟಿಗೆಯನ್ನು ಬಸ್ ನಿಲ್ದಾಣದ ಬಳಿಯಲ್ಲಿಡುವಂತೆ ಕೆಲಸದ ಸ್ಥಳದಲ್ಲಿಯೂ ಇಡಬಹುದು. ಮಕ್ಕಳು ದೂರದ ಪಟ್ಟಣಕ್ಕೆ ದುಡಿಯಲು ಹೋಗಿರುವ ಮುದುಕಿಯ ಬಾಗಿಲನ್ನು ಮಧ್ಯಾಹ್ನಕ್ಕೊಮ್ಮೆ ತಟ್ಟಿ ಮಾತಾಡಿಸುವದಕ್ಕೆ ಕಾಸೂ ಬೇಡ.

ಬಿಸಿಲನ್ನು ತಡೆಯುವದು ನಮ್ಮಿಂದಾಗದು. ಅದಕ್ಕೆ ನಾವು ಉತ್ತರವಾದಿಗಳಲ್ಲ. ನಡುಹಗಲಿನಲ್ಲಿ ನಮ್ಮ ಹೊಲದಲ್ಲಿ ಯಾರು ಬಗ್ಗಿ ನಿಂತಿದ್ದಾರೆಂಬದಕ್ಕೆ ಮಾತ್ರ ನಾವು ಉತ್ತರವಾದಿಗಳು.